ಮುಚ್ಚಿದ ಚರಂಡಿಯನ್ನು ಹಾರುತ್ತಿದ್ದ ಮನೆತನ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಟೈರ್ ಅಂಗಡಿಯ ಶಟರ್ ಅರ್ಧ ಮೇಲೆದ್ದಿದೆ. ಪಕ್ಕದ ಓಣಿಯಲ್ಲಿ, ಹಳೇ ಲಾರಿ ಟೈರಿನ ಮೇಲೆ ಕೂತ ಪಂಚರ್ ಮೇಷ್ಟ್ರು ತೇಪೆ ಹಾಕಿದ ಗ್ಲೌಸ್ ಏರಿಸಿಕೊಂಡು, "ಬಿಡು ಮಗಳೇ. ನಿದ್ದೆಗಣ್ಣಲ್ಲಿ ನನ್ನ ಹಲ್ಲು ಉದುರಿಸಬೇಡ ಅಷ್ಟೇ" ಎನ್ನುತ್ತಾರೆ. ಆ ತುದಿಯಲ್ಲಿ ಮಗಳ ತೋಳು ಗಿರ್ರನೆ ಒಂದು ಸುತ್ತು ತಿರುಗುತ್ತದೆ. ಸೊಂಟದ ಪಕ್ಕದಿಂದ ಹೊರಟ ಚೆಂಡು ರೊಯ್ಯನೆ ಬಂದು ಗ್ಲೌಸಿಗೆ ಫಟ್ಟೆಂದು ಬಡಿಯುತ್ತದೆ. ಫಾಸ್ಟ್‌ಪಿಚ್ ಸಾಫ್ಟ್‌ಬಾಲ್ ಅಂದರೆ ಇದೇ. ಮೆತ್ತಗಿರುವುದು ಹೆಸರು ಮಾತ್ರ!

ಶಟರ್ ಪೂರ್ತಿ ಎದ್ದರೆ ಮುಗಿಯಿತು, ಸಂಜೆಯವರೆಗೆ ಜಾಕ್, ಪಾನಾ, ಟ್ಯೂಬು. ದಿನವಿಡೀ ಕುಕ್ಕರಗಾಲಲ್ಲಿ ಕೂತು ಮೊಣಕಾಲು ಕಿರುಗುಟ್ಟುತ್ತವೆ. ಅಂಗಡಿ ಮೇಷ್ಟ್ರ ಅಪ್ಪ ಬಿಟ್ಟುಹೋದದ್ದು, ಆಟವೂ ಅವರದ್ದೇ. "ಅಪ್ಪನಿಗೆ ಮುದ್ದು ಮಾಡೋಕೆ ಬರ್ತಿರ್ಲಿಲ್ಲ. ಚೆಂಡು ಕೈಗೆ ಬಂದ್ರೆ ಮಾತ್ರ ಬೇರೆ ಮನುಷ್ಯನೇ ಆಗ್ಬಿಡ್ತಿದ್ರು" ಎನ್ನುತ್ತಾರೆ ಮೇಷ್ಟ್ರು. ಅಪ್ಪ ಮಗ ಇಬ್ಬರೂ ಅಂಪೈರ್ ಇರುವ ಮೈದಾನ ಕಂಡವರಲ್ಲ. ಈ ಓಣಿಯೇ ಅವರ ಶಾಲೆ.

ಪೆಟ್ಟು ಬಿದ್ದದ್ದು ಮಗಳ ಮೊದಲ ಪಂದ್ಯದಲ್ಲಿ. ಅವಳು ಎಸೆದಾಗಲೆಲ್ಲ ಅಂಪೈರ್ ಕೈ ಮೇಲೇಳುತ್ತಿತ್ತು: ಎಸೆತ ಅಸಿಂಧು. ಚೆಂಡು ಬಿಡುವ ಮುನ್ನ ಹಿಂಗಾಲು ನೆಲಕ್ಕೆ ಉಜ್ಜಿಕೊಂಡೇ ಬರಬೇಕು, ಇವಳು ಕುಪ್ಪಳಿಸುತ್ತಾಳಂತೆ. ಮುಂದಿನ ಪಂದ್ಯದೊಳಗೆ ಸರಿಹೋಗದಿದ್ದರೆ ಎಸೆಯಲು ಇಳಿಸುವುದಿಲ್ಲ ಎಂದರು ಅವಳ ತಂಡದ ಕೋಚ್. ಮನೆಗೆ ಬಂದವಳೇ ಗ್ಲೌಸನ್ನು ಮಂಚದಡಿಗೆ ಒಗೆದಳು. "ನೀನು ಹೇಳ್ಕೊಟ್ಟಿದ್ದೇ ಹೀಗೆ. ನಂಗೆ ಈ ಆಟಾನೇ ಬೇಡ!"

ಮಾರನೇ ದಿನ ಮೇಷ್ಟ್ರು ಒಬ್ಬರೇ ಓಣಿಯಲ್ಲಿ ನಿಂತು, ತಮ್ಮ ಕಾಲನ್ನೇ ನೋಡಿಕೊಳ್ಳುತ್ತ ಎಸೆದರು. ಅಯ್ಯೋ, ತಾವೂ ಕುಪ್ಪಳಿಸುತ್ತಿದ್ದಾರೆ! ಆಗ ಹೊಳೆಯಿತು. ಅವರ ಚಿಕ್ಕಂದಿನಲ್ಲಿ ಅದೇ ಜಾಗದಲ್ಲಿ ಓಣಿಗೆ ಅಡ್ಡವಾಗಿ ತೆರೆದ ಚರಂಡಿಯಿತ್ತು. ಅಪ್ಪ ಅದನ್ನು ಹಾರಿಯೇ ಚೆಂಡು ಬಿಡುತ್ತಿದ್ದರು. ಮಗ ಅದನ್ನೇ ಕಲಿತ, ಮೊಮ್ಮಗಳಿಗೂ ಕಲಿಸಿದ. ಆ ಚರಂಡಿಗೆ ಕಾಂಕ್ರೀಟ್ ಬಿದ್ದದ್ದು ಅವಳು ಹುಟ್ಟುವ ಮೊದಲೇ. ಆ ಸುದ್ದಿಯನ್ನು ಕಾಲಿಗೆ ಮಾತ್ರ ಯಾರೂ ಹೇಳಿರಲಿಲ್ಲ.

"ನಮ್ಮಪ್ಪಂದು ಅಂತ ಉಳಿದಿದ್ದು ಆ ಎಸೆತ ಒಂದೇ. ಅದನ್ನ ತಪ್ಪು ಅನ್ನೋಕೆ ನಾಲಿಗೆ ಏಳ್ಲಿಲ್ಲ" ಎನ್ನುತ್ತಾರೆ ಮೇಷ್ಟ್ರು. ಆದರೂ ಮಗಳನ್ನು ಕರೆದು, ಕಾಂಕ್ರೀಟ್ ಪಟ್ಟಿ ತೋರಿಸಿ, ನಡೆದದ್ದನ್ನೆಲ್ಲ ಹೇಳಿದರು. ಮುಖ ಊದಿಸಿಕೊಂಡಿದ್ದವಳು ಒಮ್ಮೆ ನೆಲ ನೋಡಿದಳು, ಒಮ್ಮೆ ಅಪ್ಪನನ್ನು ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಂಚದಡಿಯಿಂದ ಗ್ಲೌಸ್ ಹೊರಬಂತು. ಮೇಷ್ಟ್ರು ಹಳೇ ಟ್ಯೂಬಿನ ತುಂಡೊಂದನ್ನು ಅವಳ ಹಿಂಗಾಲ ಬೆರಳಡಿ ಇಟ್ಟು, ಇದನ್ನು ಎಳೆದುಕೊಂಡೇ ಬರಬೇಕು ಎಂದರು. ತುಂಡು ಹಿಂದೆ ಉಳಿದರೆ ಕುಪ್ಪಳಿಸಿದಳೆಂದೇ ಅರ್ಥ. ಇಬ್ಬರೂ ಬೆಳಿಗ್ಗೆ ಸಂಜೆ ಸರಪರ ಕಾಲೆಳೆಯುವುದನ್ನು ಕಂಡ ಹೆಂಡತಿ, "ಅಪ್ಪ ಮಗಳು ಓಣಿ ಗುಡಿಸ್ತಿದ್ದೀರಲ್ಲ, ಹಾಗೇ ಮನೆಯೊಳಗೂ ಬನ್ನಿ" ಎಂದು ಕಾಲೆಳೆದರು.

ಮುಂದಿನ ಪಂದ್ಯಕ್ಕೆ ಮೇಷ್ಟ್ರು ಅಂಗಡಿಗೆ ಬೀಗ ಜಡಿದು ಹೋದರು. ಬೇಲಿ ಹಿಡಿದು ನಿಂತ ಅವರ ಕಣ್ಣು ಚೆಂಡಿನ ಮೇಲಿರಲಿಲ್ಲ, ಅಂಪೈರ್ ಕೈ ಮೇಲಿತ್ತು. ಮೊದಲ ಎಸೆತಕ್ಕೆ ಆ ಕೈ ಏಳಲಿಲ್ಲ. ಎರಡನೆಯದಕ್ಕೂ ಇಲ್ಲ. ಕೊನೆತನಕ ಒಮ್ಮೆಯೂ ಏಳಲಿಲ್ಲ. "ಹೊಟ್ಟೆಗೆ ಹಾಲು ಹೊಯ್ದಂಗಾಯ್ತು ನೋಡಿ. ಪಕ್ಕದಲ್ಲಿ ನಿಂತಿದ್ದವರನ್ನ ತಬ್ಬಿಕೊಂಡ್ಬಿಟ್ಟೆ. ಅವರು ಎದುರು ತಂಡದವರಂತೆ!"

ಪಂದ್ಯವೇನೋ ಒಂದೇ ಒಂದು ರನ್ನಿನಿಂದ ಕೈತಪ್ಪಿತು. ಬಸ್ಸಿನಲ್ಲಿ ಮಗಳು ಕಿಟಕಿಗೆ ಒರಗಿ ಕೂತಳು. ಗ್ಲೌಸ್ ಮತ್ತೆ ಮಂಚದಡಿ ಸೇರುತ್ತದೇನೋ ಎಂದುಕೊಂಡರು ಮೇಷ್ಟ್ರು. ಇಳಿಯುವ ಜಾಗ ಹತ್ತಿರವಾದಾಗ ಅವಳು, "ಅಪ್ಪಾ, ನಾಳೆ ಇನ್ನೂ ಬೇಗ ಎಬ್ಬಿಸು" ಎಂದಳು.

ಇದನ್ನು ಹೇಳುತ್ತಾ ಮೇಷ್ಟ್ರು ಗ್ಲೌಸಿನ ತೇಪೆ ಸವರುತ್ತಾರೆ. "ಸೋತು ಬಂದ ಮಗು ಹೀಗಂತು. ಕಪ್ ಗಿಪ್ ಬರುತ್ತೋ ಬಿಡುತ್ತೋ ಗೊತ್ತಿಲ್ಲ. ನನ್ನಿಂದ ಅವಳಿಗೆ ಆಟ ತಪ್ಪಲಿಲ್ಲವಲ್ಲ, ಅಷ್ಟು ಸಾಕು ನಂಗೆ."