ತಡೆದುಕೊಳ್ಳಬೇಡಿ ಅನ್ನುವ ದೊಡ್ಡಮ್ಮ

ಬೀದಿದೀಪಗಳು ಇನ್ನೂ ಆರಿಲ್ಲ. ಶಿಶುವಿಹಾರದ ಹಿಂಬಾಗಿಲು ತೆರೆದು ಒಳಬರುವ ಹೆಂಗಸು ಅಡುಗೆಮನೆಗೂ ಹೋಗುವುದಿಲ್ಲ, ಆಟದ ಕೋಣೆಗೂ ಹೋಗುವುದಿಲ್ಲ. ಮೊದಲ ಹೆಜ್ಜೆ ಬಚ್ಚಲಿಗೆ. ತೋಳೇರಿಸಿ ಪುಟಾಣಿ ಕಮೋಡುಗಳನ್ನು ಉಜ್ಜುತ್ತಾರೆ. ನೆಲ ತೊಳೆದು, ಹನಿ ನೀರೂ ಉಳಿಯದಂತೆ ಒರೆಸುತ್ತಾರೆ. ಕಡೆಗೆ ಚಪ್ಪಲಿ ಬಿಟ್ಟು ತಾವೇ ಬರಿಗಾಲಲ್ಲಿ ಅದರ ಮೇಲೆ ನಡೆದು ನೋಡುತ್ತಾರೆ.

"ನೆಲ ಒದ್ದೆ ಇದ್ರೆ ಮಕ್ಕಳು ಕಾಲಿಡಲ್ಲ. ಕಾಲಿಡದಿದ್ರೆ ತಡ್ಕೋತಾರೆ. ತಡ್ಕೊಂಡ್ರೆ ನನ್ನ ಕೆಲಸ ಕೆಟ್ಟ ಹಾಗೆ."

ಇಲ್ಲಿನ ಇಪ್ಪತ್ತಾರು ಮಕ್ಕಳಿಗೆ ಅವರು ದೊಡ್ಡಮ್ಮ. ಹಾಡು, ಬಣ್ಣ, ಅಕ್ಷರ ಎಲ್ಲ ಟೀಚರುಗಳ ಪಾಲು. ಕೈ ತೊಳೆಸುವುದು, ಮೂಗು ಒರೆಸುವುದು, ನೀರು ಕುಡಿಸುವುದು, ಕುಡಿದ ನೀರು ಹೊತ್ತಿಗೆ ಸರಿಯಾಗಿ ಹೊರಹೋಗುವಂತೆ ನೋಡಿಕೊಳ್ಳುವುದು ದೊಡ್ಡಮ್ಮನ ಪಾಲು. ವರ್ಷಕ್ಕೊಮ್ಮೆ ತೆಗೆಯುವ ಗುಂಪು ಫೋಟೊಗಳಲ್ಲಿ ಅವರು ಸಿಗುವುದಿಲ್ಲ. ಎಲ್ಲರೂ ಸಾಲಾಗಿ ನಿಂತ ಹೊತ್ತಿಗೇ ಯಾರೋ ಒಬ್ಬರಿಗೆ ಅವಸರವಾಗಿರುತ್ತದೆ.

ಆಟ ಮುಗಿಸಿ ಮಕ್ಕಳು ಒಳಗೆ ನುಗ್ಗಿದರೆಂದರೆ ನಲ್ಲಿಯ ಬಳಿ ಸಂತೆ. "ಬೆರಳ ಸಂದಿಲಿ ಯಾರೋ ಬಚ್ಚಿಟ್ಟುಕೊಂಡಿದ್ದಾರೆ, ಕರೀರಿ ಆಚೆ!" ಎನ್ನುತ್ತಲೇ ಹತ್ತಾರು ಕೈಗಳಲ್ಲಿ ಸೋಪಿನ ನೊರೆ ಏಳುತ್ತದೆ. ನೀರು ಕುಡಿಯದೆ ಲೋಟ ಹಿಡಿದು ಸತಾಯಿಸುವವರ ಹೊಟ್ಟೆಗೆ ದೊಡ್ಡಮ್ಮ ಕಿವಿ ಇಡುತ್ತಾರೆ. "ಅಯ್ಯೋ, ಒಳಗೆ ಮೀನು ಒದ್ದಾಡ್ತಿದೆಯಲ್ಲೋ!" ಮೀನಿನ ಜೀವ ಉಳಿಸಲು ಲೋಟ ಗಟಗಟನೆ ಖಾಲಿಯಾಗುತ್ತದೆ.

ಈ ಕೆಲಸಕ್ಕೆ ಬರುವ ಮೊದಲು ಅವರು ದೊಡ್ಡದೊಂದು ಬಟ್ಟೆ ಅಂಗಡಿಯಲ್ಲಿದ್ದರು. ಬೆಳಿಗ್ಗೆ ನಿಂತರೆ ಕೂರುವುದು ಅಂಗಡಿ ಮುಚ್ಚಿದ ಮೇಲೇ. ಕೆಲಸದವರ ಶೌಚಾಲಯ ಕಟ್ಟಡದ ಇನ್ನೊಂದು ತುದಿಯಲ್ಲಿತ್ತು. ಹೋಗಿ ಬರುವಷ್ಟರಲ್ಲಿ ಮೇಲ್ವಿಚಾರಕನ ಮುಖ ಗಂಟಿಕ್ಕಿರುತ್ತಿತ್ತು. ಮಾತು ಕೇಳಿಸಿಕೊಳ್ಳುವುದಕ್ಕಿಂತ ನೀರು ಕುಡಿಯುವುದನ್ನೇ ಬಿಡುವುದು ವಾಸಿ ಎಂದು ಅಲ್ಲಿನ ಹೆಂಗಸರೆಲ್ಲ ಕಂಡುಕೊಂಡಿದ್ದರು. "ಬಾಯಿ ಒಣಗಿ ಅಂಟ್ಕೊಂಡಿದ್ರೂ ಗಿರಾಕಿ ಮುಂದೆ ನಗ್ತಾ ಇದ್ದೆ" ಎನ್ನುತ್ತಾರೆ. ಒಂದು ದಿನ ಚಳಿಜ್ವರದಲ್ಲಿ ಬಟ್ಟೆಯ ರಾಶಿಯ ಮೇಲೆಯೇ ಕುಸಿದರು. ಸೋಂಕು ಮೂತ್ರಪಿಂಡದವರೆಗೆ ಏರಿತ್ತು. ಆಸ್ಪತ್ರೆಯಿಂದ ಹಿಂತಿರುಗುವಷ್ಟರಲ್ಲಿ ಅವರ ಜಾಗಕ್ಕೆ ಬೇರೆಯವರು ಬಂದಿದ್ದರು.

"ಯಾಕಮ್ಮಾ ನೀರು ಕುಡೀಲಿಲ್ಲ ಅಂತ ಡಾಕ್ಟ್ರು ಬೈದ್ರು. ಕುಡಿದು ಎಲ್ಲಿಗೆ ಹೋಗ್ಲಿ ಅಂತ ಕೇಳಿದೆ. ಅದಕ್ಕೆ ಅವರ ಹತ್ರ ಮಾತ್ರೆ ಇರಲಿಲ್ಲ."

ಅದಕ್ಕೇ ಕಳೆದ ವರ್ಷ ಸೇರಿದ ಮೂರು ವರ್ಷದ ಹುಡುಗಿಯೊಬ್ಬಳನ್ನು ಟೀಚರುಗಳು ಹೊಗಳುವಾಗ ದೊಡ್ಡಮ್ಮನಿಗೆ ಸಮಾಧಾನವಿರಲಿಲ್ಲ. ಎಲ್ಲರೂ ಗುಬ್ಬಿ ಎಂದು ಕರೆಯುವ ಈ ಮಗು ಇಡೀ ದಿನ ಚಡ್ಡಿ ಒದ್ದೆ ಮಾಡುತ್ತಿರಲಿಲ್ಲ. ಲೋಟದ ನೀರನ್ನೂ ಮುಟ್ಟುತ್ತಿರಲಿಲ್ಲ. ಸಂಜೆಯಾದರೆ ಕಾಲಿಗೆ ಕಾಲು ಹೆಣೆದು ಗೇಟಿನ ಕಡೆ ನೋಡುತ್ತ ನಿಲ್ಲುತ್ತಿದ್ದಳು. ಕರೆದರೆ ಬಚ್ಚಲ ಬಾಗಿಲು ದಾಟಿ ಒಳಗೆ ಬರಲು ಸುತರಾಂ ಒಪ್ಪುತ್ತಿರಲಿಲ್ಲ. ಹೀಗೇ ಕೆಲವು ದಿನ ಕಳೆಯುವಷ್ಟರಲ್ಲಿ ಜ್ವರ ಬಂತು. ಮೂತ್ರದ ಸೋಂಕು ಎಂದರು ವೈದ್ಯರು.

ಬ್ಯಾಂಕಿನಲ್ಲಿ ಕೆಲಸ ಮಾಡುವ ಗುಬ್ಬಿಯ ತಾಯಿ ಕೆಂಡವಾಗಿ ಬಂದರು. "ಏನ್ ನೋಡ್ಕೋತೀರಾ ನೀವು? ಇನ್ಮೇಲೆ ಕಳಿಸಲ್ಲ!" ದೊಡ್ಡಮ್ಮ ಎದುರಾಡಲಿಲ್ಲ. "ಹುಷಾರಾದ ಮೇಲೆ ಒಂದೇ ಒಂದು ವಾರ ಕಳಿಸಿ, ಅಮ್ಮಾ. ಈ ಸಂಕಟ ನಾನೂ ಪಟ್ಟಿದ್ದೀನಿ" ಎಂದಷ್ಟೇ ಕೇಳಿಕೊಂಡರು.

ಗುಬ್ಬಿ ಮರಳಿದ ದಿನ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಚ್ಚಲ ಬಾಗಿಲಲ್ಲೇ ಕುಳಿತರು. ಒಳಗೆ ಯಾರೋ ಫ್ಲಶ್ ಒತ್ತಿದರು. ಗುಬ್ಬಿ ಎರಡೂ ಕಿವಿ ಮುಚ್ಚಿಕೊಂಡು ಅವರ ಎದೆಗೆ ಮುಖ ಒತ್ತಿದಳು. "ಅದು ನನ್ನೂ ನುಂಗುತ್ತೆ."

ದೊಡ್ಡಮ್ಮ ನಗಲಿಲ್ಲ. "ಹಾಗಾದ್ರೆ ಅದರ ಸಹವಾಸವೇ ಬೇಡ ಬಿಡು" ಎಂದು ಒಂದು ಕಮೋಡಿನ ಟ್ಯಾಂಕಿಗೆ ಬರುವ ನೀರು ನಿಲ್ಲಿಸಿ, ಪಕ್ಕದಲ್ಲಿ ಬಕೆಟ್ಟು, ಚೊಂಬು ಇಟ್ಟರು. ಎರಡು ದಿನ ಗುಬ್ಬಿ ಇಣುಕಿ ನೋಡಿ ಓಡಿದಳು. ಮೂರನೆಯ ದಿನ ದೊಡ್ಡಮ್ಮನ ಬೆರಳು ಹಿಡಿದು ಕೂತಳು. ಆಮೇಲೆ ಚೊಂಬಿನ ನೀರು ಸುರಿಯುವುದೇ ಆಟವಾಯಿತು. ತಿಂಗಳು ಕಳೆಯುವಷ್ಟರಲ್ಲಿ ಪಕ್ಕದ ಕಮೋಡಿಗೆ ಹೋಗಿ, ತಾನೇ ಫ್ಲಶ್ ಒತ್ತಿ, ಕಿರುಚಿಕೊಂಡು ನಗುತ್ತ ಓಡಿಬಂದಳು.

ಅಂದು ಸಂಜೆ ತಾಯಿ ಗೇಟಿನ ಬಳಿ ತಡವರಿಸಿದರು. "ಏನೇನೋ ಅಂದುಬಿಟ್ಟೆ, ದೊಡ್ಡಮ್ಮ. ಬೇಜಾರು ಮಾಡ್ಕೋಬೇಡಿ."

"ಅದಿರಲಿ, ತುಟಿ ಯಾಕಮ್ಮಾ ಹೀಗೆ ಒಡೆದಿದೆ? ನೀರು ಕುಡಿದು ಎಷ್ಟು ಹೊತ್ತಾಯ್ತು?"

ತಾಯಿ ನೆಲ ನೋಡಿದರು. "ಕೌಂಟರ್ ಬಿಟ್ಟು ಏಳೋಕಾಗಲ್ಲ."

ದೊಡ್ಡಮ್ಮ ಒಳಗಿನಿಂದ ಲೋಟ ತಂದುಕೊಟ್ಟು, ಅವರು ಕುಡಿದು ಮುಗಿಸುವವರೆಗೂ ಗುಬ್ಬಿಯ ಕೈ ಬಿಡಲಿಲ್ಲ. ಮರುದಿನದಿಂದ ಗೇಟಿನ ಪಕ್ಕದ ಮೇಜಿನ ಮೇಲೆ ಹೂಜಿ ಮತ್ತು ದೊಡ್ಡವರ ಲೋಟಗಳು ಬಂದು ಕೂತಿವೆ. ಕರೆದೊಯ್ಯಲು ಬರುವ ಅಪ್ಪ ಅಮ್ಮಂದಿರಿಗೆ ಈಗ ಮಕ್ಕಳದ್ದೇ ಗದರಿಕೆ: "ಪೂರ್ತಿ ಕುಡಿ!"

ಮುಂದೇನು ಆಸೆ ಎಂದು ಕೇಳಿದರೆ ದೊಡ್ಡಮ್ಮ ಹೆಚ್ಚು ಯೋಚಿಸುವುದಿಲ್ಲ.

"ದೊಡ್ಡ ಸ್ಕೂಲಿಗೆ ಹೋದ್ಮೇಲೆ ಇವರು ನನ್ನ ಮರೀಲಿ, ಪರವಾಗಿಲ್ಲ. ಆದ್ರೆ ಕ್ಲಾಸಲ್ಲಿ ಎದ್ದು ನಿಂತು, ಒಂದಕ್ಕೆ ಹೋಗಬೇಕು ಅಂತ ಗಟ್ಟಿಯಾಗಿ ಹೇಳಬೇಕು. ನಾಳೆ ಕೆಲಸಕ್ಕೆ ಸೇರಿದ್ರೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ನನಗೆ ಹೇಳೋಕೆ ಬಾಯಿ ಬರಲಿಲ್ಲ. ಇವರಿಗೆ ಬರುತ್ತೆ, ನೋಡ್ತಾ ಇರಿ."