ಆರ್ಡಿತ್ ಜಂಬ ಕೊಚ್ಚಿಕೊಂಡ ದಿನ

ಮಿನ್ನೆಸೋಟಾದ ನಮ್ಮ ಊರಿನವರಿಗೆ ತಮ್ಮ ವಿನಯದ ಬಗ್ಗೆ ಇರುವಷ್ಟು ಅಹಂಕಾರ ಬೇರೆ ಯಾವುದರ ಬಗ್ಗೆಯೂ ಇಲ್ಲ. ಕಾಫಿ ಬೇಕೇ ಎಂದರೆ ಎರಡು ಸಲ ಬೇಡ ಎನ್ನಬೇಕು. ಮೂರನೆಯ ಸಲ "ಅರ್ಧ ಕಪ್ ಸಾಕು" ಎನ್ನುತ್ತಾ ತುಂಬ ತುಂಬಿಸಿಕೊಳ್ಳಬೇಕು. ತನಗೆ ಏನೋ ಚೆನ್ನಾಗಿ ಬರುತ್ತದೆ ಎಂದು ಯಾರಾದರೂ ಬಾಯಿಬಿಟ್ಟರೋ, ಅವರ ಕಥೆ ಮುಗಿಯಿತು. ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಹೀರುತ್ತಾ ಸಾಯುವವರೆಗೂ ಆಡಿಕೊಳ್ಳುತ್ತಾರೆ. ನಾನು ಹುಟ್ಟಿ ಬೆಳೆದದ್ದು ಇಲ್ಲೇ, ಅದಕ್ಕೇ ಧೈರ್ಯವಾಗಿ ಹೇಳುತ್ತೇನೆ: ಇದು ವಿನಯವಲ್ಲ, ರೋಗ.

ನಮ್ಮ ಎದುರು ಮನೆಯ ಆರ್ಡಿತ್ ಸ್ಕೋಗ್ಮೊಗೂ ಈ ರೋಗವಿತ್ತು. ಶಾಲೆಯ ಬಸ್ಸು ಓಡಿಸುವವಳು, ನಲವತ್ತು ದಾಟಿದ ಒಂಟಿ ಹೆಂಗಸು. ಬಲ್ಗೇರಿಯಾದ ಅನಾಥಾಶ್ರಮದಲ್ಲಿದ್ದ ಝಿವ್ಕೊ ಎಂಬ ಐದು ವರ್ಷದ ಹುಡುಗನನ್ನು ದತ್ತು ತೆಗೆದುಕೊಳ್ಳಲು ಹೊರಟಿದ್ದಳು. ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದೆ ಹುಟ್ಟಿದ ಮಗು ಅದು. ನಡೆಯಲಾರ, ದಿನಕ್ಕೆ ಹಲವು ಸಲ ಸಣ್ಣ ಕೊಳವೆ ಹಾಕಿ ಮೂತ್ರ ತೆಗೆಯಬೇಕು. ಆ ಚಳಿಗಾಲದೊಳಗೆ ಯಾರೂ ಕರೆದೊಯ್ಯದಿದ್ದರೆ ಅವನನ್ನು ದೊಡ್ಡವರ ಆಶ್ರಮಕ್ಕೆ ಸಾಗಿಸುವವರಿದ್ದರು. ಅಲ್ಲಿಗೆ ಹೋದ ಮೇಲೆ ಅವನನ್ನು ಕೇಳುವವರೇ ಇರುವುದಿಲ್ಲ.

ಚರ್ಚಿನ ಹೆಂಗಸರ ತಯಾರಿ ನೋಡಬೇಕಿತ್ತು. ಕೌದಿ ಹೊಲಿದರು, ಮಾಂಸ ಆಲೂಗಡ್ಡೆ ಬೇಯಿಸಿ ತಂದು ಆರ್ಡಿತ್‌ಳ ಫ್ರೀಜರ್ ತುಂಬಿದರು, ಪ್ರಾರ್ಥಿಸಿದರು, ಫೋಟೊ ತೆಗೆಸಿಕೊಳ್ಳಲಂತೂ ಮರೆಯಲಿಲ್ಲ. ಕೊಳವೆಯ ಮಾತು ಬಂದರೆ ಮಾತ್ರ ಎಲ್ಲರಿಗೂ ಮನೆಯಲ್ಲಿ ಒಲೆಯ ಮೇಲೆ ಏನೋ ಇಟ್ಟುಬಂದದ್ದು ನೆನಪಾಗುತ್ತಿತ್ತು. ಆರ್ಡಿತ್ ಆಸ್ಪತ್ರೆಯ ನರ್ಸ್ ಹತ್ತಿರ ಹೋಗಿ, ಅಭ್ಯಾಸಕ್ಕೆಂದೇ ಇರುವ ಗೊಂಬೆಯನ್ನು ಮನೆಗೆ ತಂದು, ತಿಂಗಳುಗಟ್ಟಲೆ ಕಲಿತಳು. ನಾನು ಅವಳ ಬಾಗಿಲಿಗೆ ಗಾಲಿಕುರ್ಚಿ ಹತ್ತುವಂತೆ ಇಳಿಜಾರು ಹಲಗೆ ಬಡಿಯುತ್ತಿದ್ದೆ. ಗೊಂಬೆಯೊಡನೆ ಮಾತಾಡುತ್ತಾ, ಮಗುವನ್ನು ನಗಿಸುವಂತೆ ನಗಿಸುತ್ತಾ, ಅವಳು ಆ ಕೆಲಸ ಮುಗಿಸುವುದನ್ನು ಕಿಟಕಿಯಿಂದ ಎಷ್ಟೋ ಸಲ ಕಂಡಿದ್ದೇನೆ.

ಆರ್ಡಿತ್ ಈ ಮಗುವಿಗೆ ತಕ್ಕವಳೇ ಎಂದು ನೋಡಲು ದತ್ತು ಸಂಸ್ಥೆಯಿಂದ ಯೊಲಾಂಡಾ ಪ್ರೂಯಿಟ್ ಎಂಬಾಕೆ ಬಂದಳು. ಟೆಕ್ಸಸ್‌ನವಳು. ಕೇಳಿದ್ದನ್ನು ಕೇಳಿದ ಹಾಗೇ ನಂಬುವ ಪೈಕಿ. ಆರ್ಡಿತ್‌ಳ ಪರವಾಗಿ ಮಾತಾಡಲು ಪಕ್ಕದ ಮನೆಯ ಲವಾನ್ ಬ್ರೆಕ್ಕೆಯೂ ಬಂದು ಕೂತಿದ್ದಳು. ಚರ್ಚಿನ ಹೆಂಗಸರಿಗೆಲ್ಲ ಇವಳೇ ಯಜಮಾನಿ.

"ಕೊಳವೆ ಹಾಕೋಕೆ ಬರುತ್ತಾ ನಿಮಗೆ?" ಎಂದಳು ಯೊಲಾಂಡಾ.

"ಏನೋ, ಸ್ವಲ್ಪ. ಬರುತ್ತೆ ಅಂತ ಹೇಳ್ಕೊಳ್ಳೋಕಾಗಲ್ಲ," ಎಂದಳು ಆರ್ಡಿತ್.

"ಮಗು ಜ್ವರ ಬಂದು ಒದ್ದಾಡ್ತಿದ್ರೆ ಒಬ್ರೇ ನಿಭಾಯಿಸ್ತೀರಾ?"

"ನನಗಿಂತ ಚೆನ್ನಾಗಿ ಮಾಡೋರು ಬೇಕಾದಷ್ಟು ಜನ ಇದಾರೆ ಬಿಡಿ."

ಯೊಲಾಂಡಾ ಲವಾನ್ ಕಡೆ ತಿರುಗಿದಳು. ಲವಾನ್ ತುಟಿ ಒರೆಸಿಕೊಂಡು, "ಆರ್ಡಿತ್ ಪರವಾಗಿಲ್ಲ ಮೇಡಂ. ಇವಳಿಗಿಂತ ಕಡೆಯಾದೋರನ್ನೂ ನೋಡಿದೀವಿ," ಎಂದಳು. ನಮ್ಮೂರಿನಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಸತ್ತವರಿಗೂ ಸಿಗುವುದಿಲ್ಲ.

ಯೊಲಾಂಡಾ ನಿಟ್ಟುಸಿರುಬಿಟ್ಟಳು. "ನೋಡಿ, ಈ ಹುಡುಗನಿಗೆ ನಾನು ಒಪ್ಪಿಗೆ ಕೊಡೋಕಾಗಲ್ಲ. ನಡೆದಾಡೋ ಮಗು ಯಾವುದಾದ್ರೂ ನೋಡೋಣ."

ಆರ್ಡಿತ್‌ಳ ಮುಖ ಬಿಳುಚಿತು. ಆದರೂ ಮಹಾತಾಯಿ ಏನು ಹೇಳಿದಳು ಗೊತ್ತೇ? "ಅಯ್ಯೋ, ಪರವಾಗಿಲ್ಲ. ಅಷ್ಟು ದೂರದಿಂದ ಬಂದ್ರಿ, ನಿಮಗೇ ತೊಂದ್ರೆ ಆಯ್ತು." ಮಗು ಕೈತಪ್ಪಿ ಹೋಗುತ್ತಿದೆ, ಇವಳು ತಟ್ಟೆಯಲ್ಲಿ ಉಳಿದ ಸಿಹಿ ಕಟ್ಟಿಕೊಡುತ್ತಿದ್ದಾಳೆ! ಬಾಗಿಲ ಹೊರಗೆ ಹಲಗೆಯ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು.

ಯೊಲಾಂಡಾ ಹೊರಟು, ಅವಳ ಕಾರು ಶುರುವಾದ ಸದ್ದು ಕೇಳಿದ್ದೇ ತಡ, ಆರ್ಡಿತ್ ನನ್ನನ್ನು ಹಾಯ್ದುಕೊಂಡು ಹಿಮದೊಳಕ್ಕೆ ಓಡಿದಳು. ಕಾಲಲ್ಲಿ ಬರೀ ಕಾಲುಚೀಲ. ಕಾರಿನ ಬಾನೆಟ್ಟಿಗೆ ಎರಡೂ ಕೈಯಿಂದ ಬಡಿದಳು.

"ನಿಲ್ಸಿ! ನಾನು ಹೇಳಿದ್ದೆಲ್ಲ ಸುಳ್ಳು! ನನಗೆ ಬರುತ್ತೆ! ಕಣ್ಣು ಮುಚ್ಕೊಂಡೂ ಮಾಡ್ತೀನಿ! ನನ್ನಷ್ಟು ಚೆನ್ನಾಗಿ ಮಾಡೋರು ಈ ಜಿಲ್ಲೇಲೇ ಇಲ್ಲ!"

ಬೀದಿಯುದ್ದಕ್ಕೂ ಕಿಟಕಿಯ ಪರದೆಗಳು ಅಲ್ಲಾಡಿದವು.

ಯೊಲಾಂಡಾ ಒಳಗೆ ಬಂದಳು. ಆರ್ಡಿತ್ ಕೈ ತೊಳೆದು, ಗೊಂಬೆ ಮಲಗಿಸಿ, ಮಾಡಿ ತೋರಿಸಿದಳು. ಅಷ್ಟು ಹೊತ್ತೂ ಲವಾನ್ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದಳು.

"ಇದನ್ನ ಮೊದ್ಲೇ ಹೇಳೋಕೆ ನಿಮಗೇನಾಗಿತ್ರೀ?" ಎಂದು ಗದರಿ, ಯೊಲಾಂಡಾ ಒಪ್ಪಿಗೆ ಕೊಟ್ಟಳು.

ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಮಗುವಿನ ಸುದ್ದಿ ಯಾರಿಗೂ ಬೇಕಿರಲಿಲ್ಲ. ಆರ್ಡಿತ್ ಬೀದಿಯಲ್ಲಿ ನಿಂತು ಜಂಬ ಕೊಚ್ಚಿಕೊಂಡಳಂತೆ ಎನ್ನುವುದೇ ಮಾತು. ಅವಳು ಒಳಗೆ ಬಂದಾಗ ಲವಾನ್, ಎಲ್ಲರಿಗೂ ಕೇಳುವಂತೆ, "ನಿಮ್ಮಮ್ಮ ಇದ್ದಿದ್ರೆ ನಾಚ್ಕೆಯಿಂದ ಸತ್ತೇ ಹೋಗ್ತಿದ್ಲು ಕಣೇ," ಎಂದಳು.

"ಹಾಗೇ ಸತ್ತಿದ್ದು ಅವಳು," ಎಂದಳು ಆರ್ಡಿತ್. "ಇಡೀ ರಾತ್ರಿ ಎದೆ ನೋಯ್ತಿದ್ರೂ, ಯಾರಿಗೂ ತೊಂದ್ರೆ ಬೇಡ ಅಂತ ಬಾಯಿ ಬಿಡ್ಲಿಲ್ಲ. ನೀನು ಪಕ್ಕದ ಮನೇಲೇ ಇದ್ದೆ, ಲವಾನ್."