ತಂಬಿಗೆ ಹೊಲಕ್ಕೆ ಹೋದ ದಿನ

ಮಂಚದಿಂದ ಬಿದ್ದರು, ಹಣೆಬರಹ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹಣೆಬರಹವಲ್ಲ. ನಮ್ಮ ಯಜಮಾನರು ಕರೆದಿದ್ದರು. ಕರೆ ಯಾರಿಗೂ ಕೇಳದ ಹಾಗೆ ಮನೆಮಂದಿಯೇ ಮಾಡಿದ್ದರು.

ಲಕ್ವಾ ಹೊಡೆದು ಅವರ ಬಲಗೈ, ಮಾತು ಎರಡೂ ಹೋಗಿದ್ದವು. ಮೊದಲೆಲ್ಲ ಮೊಮ್ಮಕ್ಕಳನ್ನು ನಗಿಸಲು ಬೆಂಕಿಪೊಟ್ಟಣ ಸಾಲಾಗಿ ನಿಲ್ಲಿಸಿ, ಒಂದನ್ನು ನೂಕಿದರೆ ಕೊನೆಯದು ಬೆಲ್ಲದ ಡಬ್ಬಿಯ ಮುಚ್ಚಳ ಬೀಳಿಸುವಂಥ ಆಟ ಕಟ್ಟುತ್ತಿದ್ದರು. ಮಾಡಲು ಕೆಲಸವಿಲ್ಲವೇ ಎಂದು ಬೈಯುತ್ತಿದ್ದೆ. ಹಾಸಿಗೆ ಹಿಡಿದ ಮೇಲೆ ಆ ಆಟವೇ ಅವರ ಬಾಯಿ. ಎಡಗೈಯಿಂದ ತೋರಿಸಿ ತೋರಿಸಿ ಮೊಮ್ಮಗಳ ಕೈಲಿ ಕಟ್ಟಿಸಿದರು. ಮಂಚದ ದಾರ ಎಳೆದರೆ ಸೀಳಿದ ಪೈಪಿನಲ್ಲಿ ಗೋಲಿ ಉರುಳಿ ಲಟ್ಟಣಿಗೆಗೆ ಬಡಿಯುತ್ತದೆ. ಲಟ್ಟಣಿಗೆ ಹಲಗೆಯ ತುದಿಯ ಹಿತ್ತಾಳೆ ತಂಬಿಗೆಯನ್ನು ನೂಕುತ್ತದೆ. ತಂಬಿಗೆ ಕೆಳಗಿನ ಪರಾತಕ್ಕೆ, ಹಿಟ್ಟು ನಾದುವ ದೊಡ್ಡ ತಟ್ಟೆಗೆ, ಬಿದ್ದರೆ ಸಪ್ಪಳ ಗೋಡೆಯಾಚೆಯ ಮನೆಗೂ ಕೇಳುತ್ತಿತ್ತು.

ಎಳ್ಳಮಾವಾಸ್ಯೆಗೆ ಔರಾದಿನಿಂದ ನಾದಿನಿ ಬಂದಳು.

“ಏನಣ್ಣಾ, ಮನೀ ತುಂಬ ಸರ್ಕಸ್ ಹಚ್ಚೀದಿ! ಬಾಯಿ ಹ್ವಾದ್ರೂ ನಿನ್ನ ಗದ್ದಲ ಹೋಗಲಿಲ್ಲ ನೋಡು.”

ಅವರು ಅರ್ಧ ಬಾಯಿಯಲ್ಲಿ ನಕ್ಕರು.

ಅವತ್ತು ಭಾಲ್ಕಿಯಲ್ಲಿ ಹೊಲ ಇದ್ದವರು ಯಾರೂ ಮನೆಯಲ್ಲಿ ಇರುವುದಿಲ್ಲ, ಹೊಲದ ಪೂಜೆಗೆ ಹೋಗುತ್ತಾರೆ. ಹೋಗು ಎಂದು ಯಜಮಾನರೇ ಕೈ ಮಾಡಿದರು. ಆ ಹಬ್ಬ ಇಲ್ಲದ ಪಕ್ಕದ ಮನೆಯವಳು, “ನಾ ಇದ್ದೇನಿ, ಹೋಗಿ ಬರ್ರಿ,” ಎಂದಳು. ಸಾಯಗಾಂವದ ಹೊಲದಲ್ಲಿ ನಾದಿನಿ ತಂಬಿಗೆಯಲ್ಲಿ ಅಂಬಲಿ ಹಿಡಿದು, ಭೂತಾಯಿಗೆ ಎಡೆಯಾಗಿ ಬೆಳೆಗೆ ಚರಗ ಚೆಲ್ಲುತ್ತ ಬಂದಳು.

“ಆ ತಂಬಿಗಿ ಎಲ್ಲಿಂದ ತಂದಿ?”

“ಅಣ್ಣನ ಹಲಗಿ ಮ್ಯಾಲಿಂದ. ಚರಗಕ್ಕ ಸ್ಟೀಲ್ ನಡಿತದೇನು ವೈನಿ? ಅಲ್ಲಿ ಪ್ಲಾಸ್ಟಿಕ್ ಮಗ್ ಇಟ್ಟೇನಿ. ಬೀಳೋದು ಯಾವುದಾದರೇನು?”

ಉಣ್ಣದೆ ಆಟೊ ಹಿಡಿದೆ. ಮನೆಗೆ ಬಂದು ನೋಡಿದರೆ ಗೋಲಿ ಉರುಳಿತ್ತು. ಲಟ್ಟಣಿಗೆ ಉರುಳಿತ್ತು. ಮಗ್ ಪರಾತದಲ್ಲಿ ಬಿದ್ದಿತ್ತು. ಅವರು ಕಟ್ಟಿಸಿದ್ದು ಎಲ್ಲೂ ತಪ್ಪಿರಲಿಲ್ಲ. ಉಚ್ಚೆ ತಡೆದು ತಡೆದು, ತಾವೇ ಏಳಲು ಹೋಗಿ, ನೆಲದ ಮೇಲೆ ಒದ್ದೆ ಧೋತರದಲ್ಲಿ ಬಿದ್ದಿದ್ದರು.

“ಕಾನ್ ಕೊಟ್ಟೇ ಕುಂತಿದ್ದೆನ್ರಿ ಅಮ್ಮಾ, ಸಪ್ಪಳಾನೇ ಬರಲಿಲ್ಲರಿ,” ಎಂದು ಪಕ್ಕದವಳು ಅತ್ತಳು.

ಸೊಂಟ ಮುರಿದಿತ್ತು. ಬೀದರಿನ ಆಸ್ಪತ್ರೆಯಿಂದ ಮನೆಗೆ ತಂದ ದಿನ ಮೊಮ್ಮಗಳು ಎಲ್ಲವನ್ನೂ ಮೊದಲಿನಂತೆ ಜೋಡಿಸಿ ದಾರವನ್ನು ಅವರ ಕೈಗೆ ಕೊಟ್ಟಳು. ಬಿಟ್ಟರು. ಮತ್ತೆ ಕೊಟ್ಟಳು. ಮತ್ತೆ ಬಿಟ್ಟು ಮುಖವನ್ನು ಗೋಡೆಗೆ ತಿರುಗಿಸಿದರು. ಅವರಿಗೆ ನಮ್ಮ ಮೇಲೆ ನಂಬಿಕೆ ಹೋಗಿತ್ತು. ಹೋಗಬೇಕಾದದ್ದೇ.

ಮರುದಿನ ಮುಂಜಾನೆ ನಾನು ಗ್ಯಾಸಿನ ಒಲೆ, ಸಿಲಿಂಡರ್ ಎಳೆದು ತಂದು ಅವರ ಮಂಚದ ಪಕ್ಕ ಹಾಕಿ, ಅಲ್ಲೇ ರೊಟ್ಟಿ ಬಡಿಯಲು ಕುಳಿತೆ.